ಸೋಮವಾರದ ಜ್ವರ

ಇಂದೂರ, ತಾ. ಮುಂಡಗೋಡ
ದಿ. ೨೩-೪-೨೦೨೪

ಚಿ. ಪೂರ್ಣಿಮಾಳಿಗೆ ಅವ್ವನ ಆಶೀರ್ವಾದಗಳು.

ಮಗಳನ್ನು ಇಲ್ಲಿ ಬಿಟ್ಟು ಹೋದಾಗಿನಿಂದ ದಾರಿ ನೋಡುತ್ತಿರುತ್ತೀ, ಅವ್ವ ಒಂದು ಸಾಲೂ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀ. ತಡವಾಯಿತು, ಮನ್ನಿಸು. ಫೋನು ಮಾಡಬಹುದಿತ್ತು ಅನ್ನುತ್ತೀ. ನಿಮ್ಮ ಗಣೇಶಗುಡಿಯಲ್ಲಿ ಸಿಗ್ನಲ್ ಹಿಡಿಯಬೇಕಾದರೆ ದಿಬ್ಬ ಹತ್ತಬೇಕು, ಹತ್ತಿದರೂ ಆ ಫೋನು ನಿನ್ನ ಗಂಡನ ಕಿಸೆಯಲ್ಲಿರುತ್ತದೆ. ಹೆತ್ತ ಮಗಳ ಸಂಗಡ ಮಾತಾಡುವ ಮೊದಲು ಫಿಲಿಪ್ಪನ ಯೋಗಕ್ಷೇಮ ಕೇಳುವ ಹಣೆಬರಹ ನನಗೆ ಬೇಡ. ಪತ್ರವಾದರೆ ನೇರ ನಿನ್ನ ಕೈಗೆ ಬರುತ್ತದೆ. ಮೇಲೆ ‘ಸೌ.’ ಎಂದು ಬರೆದಿಲ್ಲವೆಂಬುದು ನಿನ್ನ ಕಣ್ಣಿಗೆ ಬಿದ್ದೇ ಇರುತ್ತದೆ. ಮರೆತು ಬಿಟ್ಟದ್ದಲ್ಲ.

ಇಲ್ಲಿ ಎಲ್ಲರೂ ಆರಾಮ. ನಿಮ್ಮಪ್ಪನಿಗೆ ಮೊಣಕಾಲು ನೋವು, ಆದರೂ ಹೊಲಕ್ಕೆ ಹೋಗುವುದು ಬಿಟ್ಟಿಲ್ಲ. ಮನೆಯಲ್ಲಿ ಕೂತರೆ ನನ್ನ ಮಾತು ಕೇಳಬೇಕಾಗುತ್ತದೆ ಎಂಬ ಹೆದರಿಕೆ. ಈ ಸಲ ಮಾವಿನಕಾಯಿ ಕಡಿಮೆ, ನಮ್ಮ ಉಪ್ಪಿನಕಾಯಿಗೆ ಆಗುವಷ್ಟು ಬಂದಿವೆ. ನಿನಗೆ ಕಳಿಸುವುದಿಲ್ಲ. ನೀನಿದ್ದು ಅಡಿಗೆ ಮಾಡುವ ಹೋಮ್‌ಸ್ಟೇಗೆ ಬರುವ ಗೋವಾದ ಮಂದಿಗೆ ಬಡಿಸಿ, ಮಾಲಕನಿಂದ ಶಭಾಶ್ ಅನ್ನಿಸಿಕೊಳ್ಳುತ್ತೀ ಅಷ್ಟೇ.

ಇನ್ನು ನೀಲಂ ವಿಷಯ. ಮದುವೆಯಾದ ಮೇಲೆ ನೀನು ನಮ್ಮ ಹೊಸ್ತಿಲು ಮೆಟ್ಟಿರಲಿಲ್ಲ, ಮೆಟ್ಟಲು ನಾನೂ ಬಿಟ್ಟಿರಲಿಲ್ಲ. ಮಗಳ ಜ್ವರದ ನೆವದಿಂದ ಯುಗಾದಿ ಮುಗಿಸಿ ಬಂದೆ. ಶಾಲೆಗೆ ಸೂಟಿ, ರಾಫ್ಟಿಂಗ್ ಸೀಜನ್ ಜೋರು, ಗಂಡ ಹೊಳೆಯಲ್ಲಿ, ನಾನು ಒಲೆಯ ಮುಂದೆ, ಇವಳನ್ನು ನೋಡುವವರಿಲ್ಲ ಎಂದೆ ನೀನು. ಇವಳು ಹುಟ್ಟಿದಾಗ ‘ಅವ್ವನ ಹೆಸರೇ ಇಟ್ಟಿದ್ದೇನೆ’ ಎಂದು ಹೇಳಿ ಕಳಿಸಿದ್ದೆ. ನನ್ನ ಹೆಸರು ನೀಲಕ್ಕ. ಅರ್ಧ ಹೆಸರು ಕೊಟ್ಟು ಇಡೀ ಅವ್ವನನ್ನು ವಾಪಸು ಪಡೆಯಬಹುದೆಂದು ತಿಳಿದಿದ್ದೆಯಲ್ಲ, ನಿನ್ನ ಬುದ್ಧಿ ಯಾವತ್ತೂ ಅಷ್ಟೇ.

ಹುಡುಗಿ ನಿನ್ನ ಗಂಡನ ಪಡಿಯಚ್ಚು. ಸಿದ್ದಿಯರ ಗುಂಗುರು ಕೂದಲು, ಬಾಚಲು ಹೋಗಿ ನನ್ನ ಹಣಿಗೆಯ ಹಲ್ಲು ಮುರಿದವು. ಅತ್ತಳು, ನಾನು ಬಿಡಲಿಲ್ಲ. ಎಣ್ಣೆ ಹಚ್ಚಿ ಬಿಗಿದು ಜಡೆ ಹಾಕಿದ್ದೇನೆ. ಈಗ ನೋಡಿದವರು ಕೂಡಲೇ ಯಾರ ಮನೆಯ ಹುಡುಗಿ ಎಂದು ಕೇಳುವುದಿಲ್ಲ.

ನೀನು ಹೇಳಿದ ಜ್ವರದ ಬಗ್ಗೆ ಬಹಳ ವಿಚಾರ ಮಾಡಿದೆ. ಎರಡು ವಾರಕ್ಕೊಮ್ಮೆಯೋ ಮೂರು ವಾರಕ್ಕೊಮ್ಮೆಯೋ ಬರುತ್ತದೆ, ಬಂದರೆ ಸೋಮವಾರವೇ ಬರುತ್ತದೆ. ನೆಗಡಿಯಿಲ್ಲ, ಕೆಮ್ಮಿಲ್ಲ, ಸುಮ್ಮನೆ ಮೈ ಸುಡುತ್ತದೆ. ಸಿರಪ್ ಕುಡಿಸಿದರೆ ಇಳಿಯುತ್ತದೆ, ರಾತ್ರಿ ಹಾಸಿಗೆ ತೋಯಿಸುತ್ತಾಳೆ. ಇಷ್ಟೂ ನೀನೇ ಹೇಳಿದ್ದು. ಸಾದಾ ಜ್ವರಕ್ಕೆ ವಾರ ಗೊತ್ತಿರುತ್ತದೆಯೇ, ಪೂರ್ಣಿಮಾ? ಸೋಮವಾರ ಯಾರ ವಾರ ಎಂದು ಲಿಂಗವಂತರ ಮನೆಯಲ್ಲಿ ಹುಟ್ಟಿದವಳಿಗೆ ನಾನು ಹೇಳಿಕೊಡಬೇಕೇ? ನೀನು ಇಗರ್ಜಿಗೆ ಒಯ್ದು ನೀರು ಹಾಕಿಸಿದ ಕೂಸನ್ನು ಶಿವ ವಾಪಸು ಕೇಳುತ್ತಿದ್ದಾನೆ. ನಾನು ಅವನ ಮಾತು ಕೇಳಿಸಿಕೊಂಡೆ, ನೀನು ಕೇಳಿಸಿಕೊಳ್ಳಲಿಲ್ಲ.

ಅದಕ್ಕೇ ಅವಳಿಂದ ಸೋಮವಾರದ ನಿಟ್ಟುಪವಾಸ ಹಿಡಿಸಿದ್ದೇನೆ. ಬೆಳಿಗ್ಗೆ ತಲೆಯ ಮೇಲೆ ನೀರು ಹಾಕಿ, ವಿಭೂತಿ ಹಚ್ಚಿ, ನನ್ನ ಪಕ್ಕ ಪೂಜೆಗೆ ಕೂರಿಸುತ್ತೇನೆ. ಸಂಜೆ ದೀಪ ಹಚ್ಚುವವರೆಗೆ ಒಂದು ಹನಿ ನೀರೂ ಇಲ್ಲ. ಮಡಿಯಲ್ಲಿದ್ದಾಗ ಒಂದಕ್ಕೆ ಹೋದರೆ ಮತ್ತೆ ತಣ್ಣೀರಿನ ಸ್ನಾನ ಎಂದು ಹೇಳಿದ್ದೇನೆ. ಒಂದು ಸಲ ಮಾಡಿಸಿಯೂ ತೋರಿಸಿದೆ, ಆಮೇಲೆ ಏಳಲಿಲ್ಲ. ಉಳಿದ ದಿನ ಹೊತ್ತು ಇಳಿದ ಮೇಲೆ ನೀರು ಬಂದ್. ತೋಯಿಸಿದ ಕೌದಿಯನ್ನು ಹಿತ್ತಲಲ್ಲಿ ಒಣಹಾಕುವುದಿಲ್ಲ, ರಸ್ತೆಯ ಕಡೆಯ ಗೋಡೆಯ ಮೇಲೆ ಅವಳ ಕೈಯಿಂದಲೇ ಹಾಕಿಸುತ್ತೇನೆ. ಓಣಿಯ ಹುಡುಗರು ನೋಡಿ ಕೇಕೆ ಹಾಕುತ್ತಾರೆ. ನಾಚಿಕೆಯೊಂದು ಬಂದರೆ ಔಷಧ ಬೇಕಾಗುವುದಿಲ್ಲ.

ಕಳ್ಳಿ ಇದ್ದಾಳೆ. ಮೊನ್ನೆ ದನದ ಬಾನಿಯಲ್ಲಿ ಬೊಗಸೆ ಹಾಕಿ ಕುಡಿಯುತ್ತಿದ್ದಳು. ಹಿಡಿದು ತಂದು ದೇವರ ಮುಂದೆ ಬಸ್ಕಿ ಹೊಡೆಸಿದೆ. ಇನ್ನು ಯಾವ ನೀರು ಕುಡಿಯಬೇಕಾದರೂ ನನ್ನನ್ನು ಕೇಳಿಯೇ ಕುಡಿಯಬೇಕು ಎಂದೆ. ಈಗ ಕೇಳುತ್ತಾಳೆ, ಲೋಟ ಹಿಡಿದುಕೊಂಡು ನನ್ನ ಮುಖ ನೋಡುತ್ತ ನಿಲ್ಲುತ್ತಾಳೆ. ಜಾಣೆ, ಶಾಣ್ಯಾಕಿ ಎಂದರೆ ಮುಖ ಅರಳುತ್ತದೆ.

ಒಂದು ಒಳ್ಳೆಯ ಚಟ ನೀನೂ ಕಲಿಸಿದ್ದೀ, ಅದನ್ನು ಒಪ್ಪುತ್ತೇನೆ. ‘ಶನಿವಾರ, ರವಿವಾರ ಗೆಸ್ಟ್ ಇರುತ್ತಾರೆ, ಅವತ್ತು ನಾನು ಒಂದಕ್ಕೆ ಹೋಗುವುದಿಲ್ಲ, ನೀರೂ ಕುಡಿಯುವುದಿಲ್ಲ, ಅವ್ವ ಹೇಳಿದ್ದಾಳೆ’ ಎಂದು ಹುಡುಗಿ ಬಹಳ ಡೌಲಿನಿಂದ ಹೇಳಿದಳು. ಅಷ್ಟಾದರೂ ಶಿಸ್ತು ಹಚ್ಚಿದ್ದೀಯಲ್ಲ.

ಈ ಸೋಮವಾರ ಜ್ವರ ಬರಲಿಲ್ಲ. ಬೇಕಾದರೆ ನಂಬು. ಶಿವ ನಿನಗೂ ಬುದ್ಧಿ ಕೊಡಲಿ.

ನಿನ್ನ ಅವ್ವ,
ನೀಲಕ್ಕ

* * *

ಇಂದೂರ
ದಿ. ೧೦-೫-೨೦೨೪, ಬಸವ ಜಯಂತಿ

ಚಿ. ಪೂರ್ಣಿಮಾಳಿಗೆ ಅವ್ವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ವಾರವಾಯಿತು. ಉತ್ತರಕ್ಕೆ ತಡ ಮಾಡಿದ್ದು ಬೇಕೆಂದೇ. ನಿನ್ನ ಪತ್ರದಲ್ಲಿದ್ದದ್ದು ಒಂದೇ ಮಾತು, ಮಗಳನ್ನು ಕಳಿಸು, ಮಗಳನ್ನು ಕಳಿಸು. ಸಂತೆಯಲ್ಲಿ ಇಟ್ಟುಹೋದ ಚೀಲ ಕೇಳಿದ ಹಾಗೆ ಕೇಳಿದ್ದೀ. ಸೂಟಿ ಮುಗಿಯುವವರೆಗೆ ಕಳಿಸುವುದಿಲ್ಲ. ನೀರು ಕುಡಿಸು, ಕೂಸು ಸಣ್ಣದು ಎಂದು ನನಗೆ ಉಪದೇಶ ಬರೆದಿದ್ದೀ. ನಿನ್ನನ್ನು ಬೆಳೆಸಿದವಳು ನಾನು. ಬೆಳೆಸಿದ್ದರಲ್ಲಿ ಏನು ತಪ್ಪಿತೆಂದು ಊರೆಲ್ಲ ನೋಡಿತು, ಅದನ್ನೇ ಈ ಸಲ ತಿದ್ದುತ್ತಿದ್ದೇನೆ.

ನೀಲಂ ಈಗ ಬೇರೆಯೇ ಹುಡುಗಿ. ಕೌದಿ ಒಣಗಿರುತ್ತದೆ. ಸೋಮವಾರದ ಜ್ವರ ಬಿಟ್ಟುಹೋಗಿದೆ. ಮಂಗಳವಾರ, ಬುಧವಾರ ಸ್ವಲ್ಪ ಮೈ ಬಿಸಿಯಾಗುತ್ತದೆ, ಅದು ಬೇಸಿಗೆಯ ಉಷ್ಣ. ಒಂದಕ್ಕೆ ಕೂತಾಗ ಉರಿ ಎಂದು ಅಳುತ್ತಾಳೆ, ಹೊಕ್ಕುಳಿಗೆ, ಅಂಗಾಲಿಗೆ ಹರಳೆಣ್ಣೆ ಹಚ್ಚಿದ್ದೇನೆ. ಜೀರಿಗೆ ನೀರೂ ಕೊಡುತ್ತೇನೆ, ಸೋಮವಾರ ಬಿಟ್ಟು. ಎರಡು ದಿನ, ಮೂರು ದಿನ ಹೊಟ್ಟೆಯೂ ಹೋಗುವುದಿಲ್ಲ, ಮೊಲದ ಹಿಕ್ಕೆಯ ಹಾಗೆ ಗಟ್ಟಿ. ಆದರೆ ಬಟ್ಟೆಗೆ ಎಂಥದೋ ನಾತ. ಎಷ್ಟು ಒಗೆದರೂ ಹೋಗುವುದಿಲ್ಲ, ನೀರು ಕಲಗಚ್ಚಿನ ಹಾಗೆ ಬರುತ್ತದೆ. ನಿಮ್ಮ ಮನೆಯ ಒಣಮೀನು ಇನ್ನೂ ಅವಳ ಮೈಯಿಂದ ಇಳಿದಿಲ್ಲ ಎಂದು ಕಾಣುತ್ತದೆ. ಹುಡುಗಿಗೆ ಹಾಗೆಯೇ ಹೇಳಿದೆ, ಅಪ್ಪನ ಊಟದ ವಾಸನೆ ಎಂದೆ. ಅವತ್ತಿನಿಂದ ತಾನೇ ಚಡ್ಡಿ ಒಗೆದುಕೊಂಡು ಯಾರಿಗೂ ಕಾಣದ ಹಾಗೆ ಮಂಚದ ಕೆಳಗೆ ಒಣಹಾಕುತ್ತಾಳೆ.

ಒಂದು ಸಂಗತಿ ನಿನಗೆ ಹೇಳಲೇಬೇಕು. ದೇವರ ಮುಂದೆ ಅವಳು ಕೂರುವ ರೀತಿ ನೋಡಬೇಕು ನೀನು. ಯಾರೂ ಕಲಿಸಿಲ್ಲ. ಒಂದು ಕಾಲು ಮಡಚಿ, ಹಿಮ್ಮಡಿಯ ಮೇಲೆ ಮೈಯ ಭಾರವನ್ನೆಲ್ಲ ಬಿಟ್ಟು, ಕಣ್ಣು ಮುಚ್ಚಿ, ತುಟಿ ಕಚ್ಚಿ, ಅಲ್ಲಾಡದೆ ಕೂರುತ್ತಾಳೆ. ಎಷ್ಟು ಹೊತ್ತಾದರೂ ಏಳುವುದಿಲ್ಲ. ಪಕ್ಕದ ಮನೆಯ ಗೋದುಬಾಯಿ ನೋಡಿ, ನಿಮ್ಮ ಮೊಮ್ಮಗಳಿಗೆ ಒಳ್ಳೆ ಭಕ್ತಿ ಬಂದಿದೆಯಲ್ಲ ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ನೀನು ಆ ಮಣೆಯ ಮೇಲೆ ಎರಡು ನಿಮಿಷ ಕೂತವಳಲ್ಲ.

ನಿಮ್ಮಪ್ಪನ ಒಂದು ಕಾರಭಾರವನ್ನೂ ಕೇಳು. ದಿನಾ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಹುಡುಗಿಗೆ ಹೊಲದ ಮೇಲೆ ಎಷ್ಟು ಪ್ರೀತಿ ಎಂದು ನಾನು ಹಿಗ್ಗಿದ್ದೆ. ಆಮೇಲೆ ಗೊತ್ತಾಯಿತು, ಅಲ್ಲಿ ಬೋರಿನ ನೀರು ಹೊಟ್ಟೆ ತುಂಬ ಕುಡಿಸಿ, ಬದುವಿನ ಆಚೆ ಕೂರಿಸಿ ಕರೆದುಕೊಂಡು ಬರುತ್ತಿದ್ದರು, ಸೋಮವಾರವೂ. ಅಜ್ಜ ಮೊಮ್ಮಗಳು ಸೇರಿ ಶಿವನಿಗೇ ಮೋಸ. ನಾನು ಬೈಯುತ್ತಿದ್ದಂತೆ ರುಮಾಲು ಹೆಗಲಿಗೆ ಹಾಕಿಕೊಂಡು ಹೊಲದ ದಾರಿ ಹಿಡಿದರು. ಈಗ ಹೊಲಕ್ಕೆ ಕಳಿಸುವುದು ಬಿಟ್ಟಿದ್ದೇನೆ.

ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಅಯ್ಯನವರನ್ನು ಕರೆಸಿ ಹುಡುಗಿಗೆ ಲಿಂಗ ಕಟ್ಟಿಸುತ್ತೇನೆ. ಖಣದ ಲಂಗ ಹೊಲಿಸಿದ್ದೇನೆ, ನೀಲಿ ಬಣ್ಣದ್ದು. ನಾಲ್ಕು ಮನೆಯವರನ್ನು ಊಟಕ್ಕೆ ಕರೆದಿದ್ದೇನೆ. ನೀನು ಬಾ. ಒಬ್ಬಳೇ ಬಾ. ನಿನ್ನ ಗಂಡ ಮುಂಡಗೋಡದ ಬಸ್‌ಸ್ಟ್ಯಾಂಡಿನ ತನಕ ಬಂದರೆ ನನ್ನದೇನೂ ತಕರಾರಿಲ್ಲ, ಅಲ್ಲಿ ಚಹಾದಂಗಡಿಗಳು ಬೇಕಾದಷ್ಟಿವೆ. ಒಬ್ಬಳೇ ಬರಲಾಗದಿದ್ದರೆ ಬರಬೇಡ, ಅಳುಮುಖ ಮಾಡಿಕೊಂಡು ಫೋನೂ ಮಾಡಬೇಡ. ಅವಳು ನಿನ್ನನ್ನು ಕೇಳುವುದು ಕಡಿಮೆ ಮಾಡಿದ್ದಾಳೆ, ನೆನಪು ಮಾಡಿಕೊಡುವುದೂ ಬೇಡ.

ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ನೀಲಕ್ಕ

* * *

ಇಂದೂರ
ದಿ. ೨-೬-೨೦೨೪

ಚಿ. ಪೂರ್ಣಿಮಾಳಿಗೆ ಅವ್ವನ ಆಶೀರ್ವಾದಗಳು, ನಿನಗೆ ಬೇಕಾಗಿದ್ದರೆ.

ಹುಬ್ಬಳ್ಳಿಯ ಆಸ್ಪತ್ರೆಯಿಂದ ಬಂದ ಮೇಲೆ ಬರೆದಿಲ್ಲ. ಕೈತುಂಬ ಕೆಲಸವಿತ್ತು ಎಂದು ನೆವ ಹೇಳುವುದಿಲ್ಲ. ನಿಮ್ಮಪ್ಪನ ಫೋನಿಗೆ ನೀನು ಹೇಳಿದ ಮಾತು ನನಗೆ ಮುಟ್ಟಿತು. ನೀಲಂಳನ್ನು ಇನ್ನು ಇಂದೂರಿಗೆ ಕಳಿಸುವುದಿಲ್ಲ, ಅವ್ವ ಗಣೇಶಗುಡಿಗೆ ಬರುವುದೂ ಬೇಡ. ಬರುತ್ತೇನೆಂದು ನಾನು ಯಾವಾಗ ಹೇಳಿದ್ದೆ?

ಆ ಸೋಮವಾರ ನೀನು ಬರಲಿಲ್ಲ. ನಡೆದದ್ದನ್ನು ನಿಮ್ಮಪ್ಪನ ಬಾಯಿಂದ ಕೇಳಿದ್ದೀ, ಅವರು ಅರ್ಧ ನುಂಗಿ ಹೇಳಿರುತ್ತಾರೆ. ನನ್ನ ಕೈಯಿಂದ ಪೂರ್ತಿ ಓದು. ಹುಡುಗಿಯನ್ನು ಬೆಳಿಗ್ಗೆ ಬೇಗ ಮಡಿ ಮಾಡಿಸಿ ಲಂಗ ಉಡಿಸಿ ಮಣೆಯ ಮೇಲೆ ಕೂರಿಸಿದ್ದೆ. ಅಯ್ಯನವರು ಬರುವುದು ತಡವಾಯಿತು. ಅವಳು ಹಿಮ್ಮಡಿಯ ಮೇಲೆಯೇ ಕೂತಿದ್ದಳು, ಮೈ ಸಣ್ಣಗೆ ನಡುಗುತ್ತಿತ್ತು. ಹೊಸ ಬಟ್ಟೆ, ಮಂದಿ, ಹೆದರಿಕೆ ಎಂದುಕೊಂಡೆ. ಮಂತ್ರ ನಡೆದಾಗ ನನ್ನ ಸೆರಗು ಜಗ್ಗಿದಳು. ನಾನು ಕಣ್ಣು ಕೆಕ್ಕರಿಸಿದೆ. ಮತ್ತೆ ಜಗ್ಗಿದಳು. ತೊಡೆಗೆ ಚಿವುಟಿದೆ. ಆಗ ಮಣೆಯ ಮೇಲೆಯೇ ಮಾಡಿಕೊಂಡಳು, ಅಯ್ಯನವರ ಪಾದದ ತನಕ ಹರಿಯಿತು.

ಗೋದುಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಎಷ್ಟು ಕಲಿಸಿದರೂ ಇವರ ಜಾತಿಯೇ ಇಷ್ಟು ಎಂದು ಹಿಂದಿನಿಂದ ಯಾರೋ ಅಂದರು. ನಾನು ನೀಲಂಳ ರಟ್ಟೆ ಹಿಡಿದು ಎಬ್ಬಿಸಿ, ನೀ ಮಾಡಿದ್ದು ನೀನೇ ಒರೆಸು ಎಂದೆ. ಒರೆಸಲು ಅರಿವೆ ಕೊಡಲಿಲ್ಲ, ಹೊಸ ಲಂಗದಿಂದಲೇ ಒರೆಸಿಸಿದೆ. ಅಯ್ಯನವರು ಬಿಡವ್ವಾ, ಕೂಸು ಅಂದರು. ಬಿಡಲಿಲ್ಲ. ಎಲ್ಲರೂ ನೋಡುತ್ತ ನಿಂತಿದ್ದರು, ಅವಳು ಮೊಣಕಾಲೂರಿ ಮೂಲೆಯ ತನಕ ಒರೆಸಿದಳು. ನೀರಿನಲ್ಲಿ ಕೆಂಪು ಕಂಡಿತು. ತಟ್ಟೆಯ ಕುಂಕುಮ ಬಿದ್ದಿರಬೇಕೆಂದುಕೊಂಡೆ. ಒರೆಸಿ ಮುಗಿಸಿದವಳು ಅಲ್ಲೇ ಮುದುಡಿ ಬಿದ್ದಳು, ವಾಂತಿ ಮಾಡಿದಳು, ಮೈ ಮುಟ್ಟಿದರೆ ಕೈ ಸುಡುತ್ತಿತ್ತು.

ನಾನು ದೇವರ ಮುಂದಿನ ಅಂಗಾರದ ಬೂದಿ ತಂದು ಹಣೆಗೆ ಹಚ್ಚಲು ಹೋದೆ. ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮಪ್ಪ ಮೊದಲ ಸಲ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದರು.

“ಇಕಿ ದೇವರ ಕೂಸು ಆಮ್ಯಾಲ, ಮೊದಲ ಫಿಲಿಪ್ಪನ ಕೂಸು. ಅವಗ ಫೋನ್ ಹಚ್ಚತೇನಿ. ನೀ ಸುಮ್ಮನಿರು.”

ಕಾರು ತರಿಸಿ ಹುಬ್ಬಳ್ಳಿಗೆ ಒಯ್ದದ್ದು, ನೀವು ಸಂಜೆಯ ಮುಂದೆ ಬಂದು ಮುಟ್ಟಿದ್ದು, ಹಳಿಯಾಳದ ಹತ್ತಿರದಿಂದ ನಿನ್ನ ಅತ್ತೆಯನ್ನೂ ಕರೆತಂದದ್ದು ನಿನಗೆ ಗೊತ್ತು. ನೀವು ಬರುವ ಮೊದಲು ಆ ಹೆಣ್ಣು ಡಾಕ್ಟರು ನನ್ನನ್ನು ಕೂರಿಸಿಕೊಂಡು ಎಲ್ಲ ಕೇಳಿದರು. ಜ್ವರ ಯಾವಾಗಿನಿಂದ, ಉರಿ ಇತ್ತೇ, ನಾತ ಇತ್ತೇ, ಹೊಟ್ಟೆ ಸರಿ ಹೋಗುತ್ತದೆಯೇ. ಹುಡುಗಿ ದಿನಾ ಎಷ್ಟು ನೀರು ಕುಡಿಯುತ್ತಾಳೆ ಎಂದೂ ಕೇಳಿದರು.

“ನಮ್ಮನ್ಯಾಗ ಬಾವಿ ಐತ್ರಿ” ಎಂದೆ. ಸುಳ್ಳೇನಲ್ಲ.

ನಿನ್ನ ಗಂಡ ಬಂದಮೇಲೆ ಅವನನ್ನೂ ಅದನ್ನೇ ಕೇಳಿದರು. ಹೊಳೆಯ ಸೆಳವಿನಲ್ಲಿ ಹತ್ತು ಮಂದಿಯನ್ನು ದಾಟಿಸುವ ಗಂಡಸು, ಡಾಕ್ಟರ ಮೇಜಿನ ಮುಂದೆ ಟೊಪ್ಪಿಗೆ ಹಿಂಡುತ್ತ ನಿಂತಿದ್ದ.

“ಶನಿವಾರ, ಐತವಾರ ಗೆಸ್ಟ್ ಇರತಾರ್ರಿ. ಬಾತ್‌ರೂಮ್ ಅವರಿಗೇ ಬಿಡಬೇಕ್ರಿ, ನಮ್ಮದು ಕೆಳಗ ಗಿಡದಾಗ ಐತಿ, ಹಾವಿನ ಅಂಜಿಕಿ. ತಡಕೋ ಅಂತ ನಾವ ಹೇಳತಿದ್ವಿ. ತಪ್ಪು ನಮ್ಮದ ಐತ್ರಿ.”

ಎಲ್ಲ ತಪ್ಪನ್ನೂ ಒಬ್ಬನೇ ಹೊತ್ತುಕೊಂಡ. ನಾನು ಪಕ್ಕದಲ್ಲೇ ಇದ್ದೆ, ಹೊರಲಿ ಎಂದು ಸುಮ್ಮನಿದ್ದೆ. ಸೋಮವಾರ ಜ್ವರ ಯಾಕೆ ಬರುತ್ತಿತ್ತು ಎಂಬುದಕ್ಕೆ ಡಾಕ್ಟರಿಗೆ ಶಿವ ಬೇಕಾಗಲಿಲ್ಲ. ಎರಡು ದಿನ ನೀರಿಲ್ಲದೆ, ಹೋಗದೆ ತಡೆದರೆ ಮೂರನೆಯ ದಿನ ಸೋಂಕು ಏಳುತ್ತದೆ ಎಂದರು. ಹಿಮ್ಮಡಿಯ ಮೇಲೆ ಕೂರುತ್ತಿದ್ದದ್ದು ಬರುವುದನ್ನು ಒತ್ತಿ ಹಿಡಿಯುವುದಕ್ಕಂತೆ. ಆ ಮಾತು ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಅವರು ಆಮೇಲೆ ಹೇಳಿದ್ದು ನಿನಗೆ ನೆನಪಿರಲಿಕ್ಕಿಲ್ಲ, ನೀನು ಅಳುತ್ತಿದ್ದೆ. ನಾನು ಅಳಲಿಲ್ಲ, ನೆನಪಿದೆ. ಕೇಳು. ಔಷಧಿಯ ಕೋರ್ಸು ಪೂರ್ತಿ ಮುಗಿಸಬೇಕು, ಜ್ವರ ಇಳಿಯಿತೆಂದು ನಡುವೆ ಬಿಡಬಾರದು, ಸಿರಪ್ಪಿನಿಂದ ಜ್ವರ ಇಳಿಸಿ ನೀನು ಮಾಡಿದ್ದು ಅದೇ ಘಾತ. ಹಗಲೆಲ್ಲ ನೀರು ಕುಡಿಸುತ್ತ ಇರಬೇಕು. ಬರಲಿ ಬಿಡಲಿ, ಎರಡು ಮೂರು ತಾಸಿಗೊಮ್ಮೆ ಕರೆದುಕೊಂಡು ಹೋಗಿ ಕೂರಿಸಬೇಕು, ಅವಸರ ಮಾಡಬಾರದು, ಪೂರ್ತಿ ಹೋಗಲಿ. ತೊಳೆಯುವುದು ಮುಂದಿನಿಂದ ಹಿಂದಕ್ಕೆ. ಬಿಗಿ ಚಡ್ಡಿ ಬೇಡ, ಹತ್ತಿಯದು ಹಾಕು, ಬಿಸಿಲಿನಲ್ಲಿ ಒಣಗಿಸು. ಹೊಟ್ಟೆ ಕಟ್ಟಿದರೂ ಇದು ಬರುತ್ತದೆ, ಹಣ್ಣು, ಸೊಪ್ಪು ತಿನ್ನಿಸು. ಹಾಸಿಗೆ ತೋಯಿಸಿದರೆ ಬೈಯಬಾರದು. ನೆಗಡಿ ಕೆಮ್ಮಿಲ್ಲದೆ ಮೈ ಬಿಸಿಯಾದರೆ ಅವತ್ತೇ ಮೂತ್ರ ಪರೀಕ್ಷೆ ಮಾಡಿಸಬೇಕು, ನಾಳೆ ಎನ್ನಬಾರದು. ಕೆಲವು ತಿಂಗಳು ಬಿಟ್ಟು ಮತ್ತೊಂದು ಸ್ಕ್ಯಾನಿಂಗ್ ಇದೆ, ಅದನ್ನು ತಪ್ಪಿಸಬೇಡ. ಗೆಸ್ಟ್ ಬರಲಿ, ಗೆಸ್ಟಿನ ಅಪ್ಪ ಬರಲಿ, ಅವಳಿಗೆ ಬಾಗಿಲು ತೆರೆದಿಡು. ಮಾಲಕ ಬೇಡ ಎಂದರೆ ಕೆಲಸ ಬಿಡು. ನನ್ನನ್ನು ಬಿಟ್ಟೆ, ಅದನ್ನು ಬಿಡುವುದಕ್ಕೇನು?

ಬಲಗಡೆಯ ಕಿಡ್ನಿ ಸಣ್ಣದಾಗಿದೆ, ಅದರ ಮೇಲೆ ಕಲೆ ಬಿದ್ದಿದೆ, ಅದು ಹೋಗುವುದಿಲ್ಲ ಎಂದಾಗ ನೀನು ನನ್ನತ್ತ ನೋಡಿದೆ. ಆ ನೋಟ ನನಗೆ ತಿಳಿಯುತ್ತದೆ. ಅದಕ್ಕೆ ಉತ್ತರ ಹೇಳುತ್ತೇನೆ. ಕಲೆ ಹಳೆಯದು ಎಂದರು ಡಾಕ್ಟರು. ಹಳೆಯದು ಎಂದರೆ ನಿನ್ನ ಮನೆಯದು. ಹೊಸದು ಎಷ್ಟು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇನ್ನು ನೀನು ವಾರ್ಡಿನ ಬಾಗಿಲಲ್ಲಿ ಆಡಿದ ಮಾತು. ಡಾಕ್ಟರ ಕೋಣೆಯಿಂದ ನಾನು ಮೊದಲೇ ಎದ್ದು ಮೇಲೆ ಬಂದಿದ್ದೆ, ನೀವಿಬ್ಬರೂ ಬಂದಾಗ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಬಾ ಎಂದೆ ನೀನು, ನಾನು ಬರಲಿಲ್ಲ. ಮರುದಿನ ನರ್ಸು ಕರೆದಳು, ನಿನ್ನ ಗಂಡನೂ ಬಂದು ಅತ್ತೀ, ಬರ್ರಿ ಎಂದ, ಬರಲಿಲ್ಲ. ಒಳಗೆ ನಿಮ್ಮ ಜನ ತುಂಬಿದ್ದರು, ಹುಡುಗಿಯ ಕಾಟಿನ ಮೇಲೆ ನಿನ್ನ ಅತ್ತೆ ಕೂತು ಕಾಲು ತಿಕ್ಕುತ್ತಿದ್ದಳು. ನಿನ್ನ ತಾಳ್ಮೆ ಮುಗಿಯಿತು.

“ಅವ್ವಾ, ಒಳಗ ಬಂದ್ರ ನಿನಗ ಮೈಲಿಗಿ ಆಗತೈತೇನು?”

“ಹೌದು, ಆಗತೈತಿ” ಎಂದೆ. ನಿನ್ನ ಮುಖ ಸುಣ್ಣದ ಗೋಡೆಯ ಹಾಗಾಯಿತು. ನಿನ್ನ ಅತ್ತೆಗೂ ಕೇಳಿಸಿರಬೇಕು. ಡಿಸ್ಚಾರ್ಜ್ ಆಗುವ ತನಕ ನೀನು ನನ್ನೊಡನೆ ಮಾತಾಡಲಿಲ್ಲ, ನಿಮ್ಮ ಗಾಡಿ ಹೋಗುವಾಗಲೂ ತಿರುಗಿ ನೋಡಲಿಲ್ಲ. ಒಳ್ಳೆಯದೇ ಆಯಿತು. ನನ್ನ ಮನೆಗೆ ನೀನು ಬೇಡವಾಗಿದ್ದೆ, ಈಗ ನಿನ್ನ ಮನೆಗೆ ನಾನು ಬೇಡ, ಇಬ್ಬರಿಗೂ ಸರಿಹೋಯಿತು.

ನಿಮ್ಮಪ್ಪ ನನ್ನ ಸಂಗಡ ಮಾತು ಬಿಟ್ಟಿದ್ದಾರೆ. ಹೊಲದಲ್ಲೇ ಉಣ್ಣುತ್ತಾರೆ. ಮಳೆ ಇನ್ನೂ ಬಂದಿಲ್ಲ. ಗೋದುಬಾಯಿ ಬಂದು ಮೊಮ್ಮಗಳು ಹೇಗಿದ್ದಾಳೆ ಎಂದಳು, ಅಪ್ಪನ ಮನೆಯಲ್ಲಿದ್ದಾಳೆ, ಆರಾಮ ಇದ್ದಾಳೆ ಎಂದು ಬಾಗಿಲು ಹಾಕಿಕೊಂಡೆ. ಶಾಲೆ ಸುರುವಾಗಿದ್ದರೆ ಅಲ್ಲಿಯ ಟೀಚರ್ ಬಾಯಿಯವರಿಗೆ ಹೇಳಿ ಇಡು, ಕೇಳಿದಾಗ ಹೊರಗೆ ಬಿಡಬೇಕು ಎಂದು. ಹೇಳದಿದ್ದರೆ ಅವರೂ ನನ್ನ ಹಾಗೆಯೇ ಇರುತ್ತಾರೆ.

ನೀಲಂಗೆ ಆಯುಷ್ಯ ಬೆಳೆಯಲಿ. ಚೆನ್ನಾಗಿರುವ ಇನ್ನೊಂದು ಕಿಡ್ನಿ ನೂರು ವರ್ಷ ಗಟ್ಟಿಯಾಗಿರಲಿ. ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಗಂಡನಿಗೂ ಹೊಳೆಯಲ್ಲಿ ಏನೂ ಆಗದಿರಲಿ.

ನಿನ್ನ ಅವ್ವ,
ನೀಲಕ್ಕ

ತಾ.ಕ.: ಪಾಕೀಟು ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಆವತ್ತು ನೀವಿಬ್ಬರೂ ಇನ್ನೂ ಕೆಳಗೆ ಡಾಕ್ಟರ ಹತ್ತಿರ ಇದ್ದಾಗ ನರ್ಸು ಬಂದು, ಸಲಾಯಿನ್ ಒಂದೇ ಸಾಲದು, ಬಾಯಿಂದಲೂ ನೀರು ಕುಡಿಸಿರಿ ಎಂದಳು. ನಾನು ಲೋಟ ತುಂಬಿ ನೀಲಂಳ ಬಾಯಿಗೆ ಹಿಡಿದೆ. ಬಾಯಿ ಬಿಗಿದಳು. ಕುಡಿಯವ್ವಾ ಎಂದೆ. ತುಟಿ ಒಣಗಿ ಸೀಳಿತ್ತು, ಆದರೂ ತಲೆ ಅಲ್ಲಾಡಿಸಿದಳು. “ನನಗ ನೀರಡಕಿ ಆಗಿಲ್ಲ ಅಜ್ಜಿ. ನಾ ಶಾಣ್ಯಾಕಿ ಅದೇನಿ” ಅಂದಳು. ನಿನ್ನ ಅತ್ತೆ ಲೋಟ ತೆಗೆದುಕೊಂಡು ಹಿಡಿದರು. ಆಗಲೂ ಕುಡಿಯಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಿನ್ನ ಅತ್ತೆ ಬಹಳ ಸಣ್ಣ ದನಿಯಲ್ಲಿ, “ಅಕ್ಕಾ, ನೀವು ಚೂರು ಹೊರಗ ಹೋಗತೀರೇನ್ರಿ” ಅಂದರು. ಹೋದೆ. ಬಾಗಿಲ ಆಚೆ ನಿಂತೆ. ಅವಳು ಕುಡಿಯುವ ಸದ್ದು ಕೇಳಿಸಿತು. ಲೋಟ ಬರಿದಾಯಿತು, ಇನ್ನೊಂದು ಬೇಕು ಎಂದಳು, ಅದನ್ನೂ ಕುಡಿದಳು. ಬೆಂಚಿನ ಮೇಲೆ ಕೂತದ್ದು ಅದಕ್ಕೆ. ಮುಂದೆ ಎಂದಾದರೂ ನಿನ್ನ ಸಿಟ್ಟು ಇಳಿದರೂ ನನ್ನನ್ನು ಕರೆಯಬೇಡ. ನಾನು ಕಣ್ಣಿಗೆ ಬಿದ್ದರೆ ಅವಳು ನೀರು ಕುಡಿಯುವುದಿಲ್ಲ.